ಮೈಸೂರಿನಿಂದ ಒಂದೇ ದಿನ: ಬಂಡೆ, ಕಣಿವೆ, ಜಲಪಾತ. ಮಂಡಿ ನೋವಿನ ಅಪ್ಪ, ಓಡುವ ಮಕ್ಕಳು. ಎಲ್ಲಿಗೆ ಹೋಗೋಣ?

ಕುವೆಂಪುನಗರ ಕಾಫಿ

ಎಲ್ಲರಿಗೂ ನಮಸ್ಕಾರ. ಮುಂದಿನ ಭಾನುವಾರಕ್ಕೆ ಅಕ್ಕ, ಭಾವ ರಾಯಚೂರಿನಿಂದ ಬರುತ್ತಿದ್ದಾರೆ. ಭಾವನಿಗೆ ಅರಮನೆ, ಚಾಮುಂಡಿ ಬೆಟ್ಟ, ಮೃಗಾಲಯ ಎಲ್ಲ ನೋಡಿ ಬೇಜಾರಾಗಿದೆ. "ಈ ಸಲ ನೀರು ಬೀಳೋದು ತೋರಿಸು, ಎತ್ತರದ ಬಂಡೆ ತೋರಿಸು" ಅಂತ ಒಂದೇ ಹಟ. ನಮಗೆ ಸಿಗುವುದು ಒಂದು ದಿನ ಮಾತ್ರ. ಸೋಮವಾರ ಬೆಳಿಗ್ಗೆ ಅವರ ರೈಲು.

ಗಾಡಿಯಲ್ಲಿ ಏಳು ಜನ. ಅಪ್ಪ, ಅಮ್ಮ, ಅಕ್ಕ, ಭಾವ, ನಾನು, ಇಬ್ಬರು ಮಕ್ಕಳು. ಅಪ್ಪನಿಗೆ ಮಂಡಿ ನೋವು, ಜಾಸ್ತಿ ಮೆಟ್ಟಿಲು ಆಗುವುದಿಲ್ಲ. ಅಕ್ಕನ ಚಿಕ್ಕ ಮಗ ಕೈ ಬಿಟ್ಟರೆ ಓಡುವವನು.

ನನ್ನ ಪಟ್ಟಿ ಹೀಗಿದೆ. ಬೆಳಿಗ್ಗೆ 6ಕ್ಕೆ ಹೊರಟು ಬಲಮುರಿ, ಸೋಮನಾಥಪುರ, ತಲಕಾಡು, ಮುಡುಕುತೊರೆ, ಭರಚುಕ್ಕಿ, ಗಗನಚುಕ್ಕಿ. ರಾತ್ರಿ 8ಕ್ಕೆ ಮನೆ. ಇದು ಬೇಡವಾದರೆ ಸೀದಾ ಊಟಿ. ಹೋಗಿ ಬಂದವರು ಹೇಳಿ.

ಮಳವಳ್ಳಿ ಹೈದ

ಅಣ್ಣ, ಆರು ಊರು ಒಂದೇ ದಿನಕ್ಕಾ? ಇದು ಟ್ರಿಪ್ಪಾ, ಚುನಾವಣಾ ಪ್ರಚಾರನಾ? ಎಲ್ಲಾ ಕಡೆ ಇಳಿದು ಕೈ ಮುಗಿದು ಮತ್ತೆ ಗಾಡಿ ಹತ್ತುವುದೇ ಆಗುತ್ತದೆ.

ಗಗನಚುಕ್ಕಿ, ಭರಚುಕ್ಕಿ ಎರಡೇ ಇಟ್ಟುಕೊಳ್ಳಿ. ನಕ್ಷೆಯಲ್ಲಿ ಎರಡೂ ಅಕ್ಕಪಕ್ಕ ಕಾಣುತ್ತವೆ. ಗಾಡಿಗೆ ಹಾಗಲ್ಲ. ಶಿವನಸಮುದ್ರದಲ್ಲಿ ಕಾವೇರಿ ಎರಡಾಗಿ ಸೀಳಿ ನಡುವೆ ದ್ವೀಪ ಮಾಡಿದ್ದಾಳೆ. ಪಶ್ಚಿಮದ ಕವಲು ಬೀಳುವುದು ಗಗನಚುಕ್ಕಿಯಲ್ಲಿ, ಪೂರ್ವದ್ದು ಭರಚುಕ್ಕಿಯಲ್ಲಿ. ಒಂದನ್ನು ನೋಡಿ ಇನ್ನೊಂದಕ್ಕೆ ಹೋಗಬೇಕಾದರೆ ವಾಪಸ್ ಹೆದ್ದಾರಿಗೆ ಬಂದು, ಸೇತುವೆ ದಾಟಿ ಸುತ್ತಬೇಕು. ಹನ್ನೆರಡು ಹದಿನೈದು ಕಿ.ಮೀ. ಹಿಡಿಯುತ್ತದೆ. ಗಗನಚುಕ್ಕಿ ನೋಡುವ ಜಾಗ ನಮ್ಮ ಮಂಡ್ಯ ಜಿಲ್ಲೆ, ಭರಚುಕ್ಕಿ ಚಾಮರಾಜನಗರ ಜಿಲ್ಲೆ.

ನಿಮ್ಮ ಅಪ್ಪಾಜಿಗೆ ಗಗನಚುಕ್ಕಿಯೇ ಸರಿ. ಮಳವಳ್ಳಿ ಕಡೆಯಿಂದ ಹೋದರೆ ಗಾಡಿ ಹತ್ತಿರದವರೆಗೂ ಹೋಗುತ್ತದೆ. ನೋಡುವ ಕಟ್ಟೆಯಿಂದ ಎದುರಿನ ಬಂಡೆ ಗೋಡೆ ಇಡಿಯಾಗಿ ಕಾಣುತ್ತದೆ. ಇಳಿಯುವುದು, ಹತ್ತುವುದು ಇಲ್ಲವೇ ಇಲ್ಲ ಅನ್ನಬಹುದು.

ನೀರಗಂಟಿ

ಜಾಗ ಆಮೇಲೆ. ಮೊದಲು ನೀರು ನೋಡಿ ಸ್ವಾಮಿ.

ಜನ ಏನು ಮಾಡುತ್ತಾರೆ ಅಂದರೆ, ಯಾವುದೋ ರೀಲ್ಸ್‌ನಲ್ಲಿ ಬೆಳ್ಳಗೆ ನೊರೆ ಉಕ್ಕುವುದು ನೋಡಿ ಮಾರ್ಚ್ ತಿಂಗಳಲ್ಲಿ ಹೊರಟು ಬರುತ್ತಾರೆ. ಬಂದರೆ ಬರೀ ಕರಿ ಬಂಡೆ, ಅದರ ಮೇಲೆ ನಾಲ್ಕು ದಾರ ನೀರು. ಆಮೇಲೆ "ಏನೂ ಇಲ್ಲ, ಮೋಸ" ಅಂತ ಬರೆಯುತ್ತಾರೆ. ಈ ಜಲಪಾತ ಮೇಲಿನ ಅಣೆಕಟ್ಟುಗಳ ಬಾಗಿಲು ತೆಗೆದಂತೆ ಕುಣಿಯುವಂಥದ್ದು.

ಲೆಕ್ಕ ಸುಲಭ. ಶಿವನಸಮುದ್ರಕ್ಕೆ ಬರುವುದು ಎರಡು ಕಡೆಯ ನೀರು. ಒಂದು ಕೆಆರ್‌ಎಸ್‌ನಿಂದ ಬಿಟ್ಟ ಕಾವೇರಿ. ಇನ್ನೊಂದು ಬೀಚನಹಳ್ಳಿ ಡ್ಯಾಮಿನಿಂದ ಬಿಟ್ಟ ಕಬಿನಿ. ಇಬ್ಬರೂ ತಿರುಮಕೂಡಲಿನಲ್ಲಿ ಸೇರುತ್ತಾರೆ. ಕಬಿನಿಗೆ ನೀರು ಕೊಡುವುದು ವಯನಾಡಿನ ಮಳೆ. ಆ ಡ್ಯಾಮು ಚಿಕ್ಕದು, ಬೇಗ ತುಂಬುತ್ತದೆ. ಅದಕ್ಕೇ ಕೆಆರ್‌ಎಸ್ ಇನ್ನೂ ತುಂಬುತ್ತಾ ಇರುವಾಗಲೇ ಗಗನಚುಕ್ಕಿಯಲ್ಲಿ ನೀರು ಬಂದಿರುವುದುಂಟು. ಮೈಸೂರಿನವರು ಕೆಆರ್‌ಎಸ್ 124.80 ಅಡಿ ಮುಟ್ಟಿತಾ ಅಂತ ಮಾತ್ರ ನೋಡುತ್ತಾರೆ. ಕಬಿನಿಯನ್ನು ಯಾರೂ ಕೇಳುವುದಿಲ್ಲ.

ದಿನವೂ ಪೇಪರಿನಲ್ಲಿ ಜಲಾಶಯದ ಮಟ್ಟ ಹಾಕುತ್ತಾರಲ್ಲ, ಅದರಲ್ಲಿ ಹೊರಹರಿವು ನೋಡಿ. ಇಲ್ಲೂ ಒಂದು ಸೂಕ್ಷ್ಮ ಇದೆ. ಕೆಆರ್‌ಎಸ್ ಹೊರಹರಿವು ಅಂದರೆ ಅಷ್ಟೂ ನದಿಗೆ ಬಂತು ಅಂತಲ್ಲ. ವಿಶ್ವೇಶ್ವರಯ್ಯ ನಾಲೆಗೂ, ಬೇರೆ ನಾಲೆಗಳಿಗೂ ಹೋದದ್ದು ಅದರಲ್ಲಿ ಸೇರಿರಬಹುದು. ನಾಲೆ ನೀರು ಮಂಡ್ಯದ ಗದ್ದೆಗೆ ಹೋಗುತ್ತದೆ, ಜಲಪಾತಕ್ಕಲ್ಲ. ನದಿಗೆ ಎಷ್ಟು ಅಂತ ಬಿಡಿಸಿ ಬರೆದಿದ್ದರೆ ಅದನ್ನು ಹಿಡಿಯಿರಿ.

ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಹತ್ತು ಸಾವಿರ ಕ್ಯುಸೆಕ್ ಅಂದರೆ ಸೆಕೆಂಡಿಗೆ 2.8 ಲಕ್ಷ ಲೀಟರ್. ನನ್ನ ಕಣ್ಣಿನ ಅಂದಾಜು ಹೇಳುತ್ತೇನೆ. ಎರಡೂ ಡ್ಯಾಮು ಸೇರಿ ನದಿಗೆ ಹತ್ತರಿಂದ ಇಪ್ಪತ್ತು ಸಾವಿರ ಇದ್ದರೆ ನೋಡಲು ಬಲು ಚೆಂದ. ಬಂಡೆಯೂ ಕಾಣುತ್ತದೆ, ನೀರೂ ಕಾಣುತ್ತದೆ. ಐವತ್ತು ಸಾವಿರ ದಾಟಿದರೆ ಆರ್ಭಟ ಜಾಸ್ತಿ, ಆದರೆ ಕೆಂಪು ನೀರು, ಎರಚಲಿನಲ್ಲಿ ಏನೂ ಕಾಣುವುದಿಲ್ಲ. ಲಕ್ಷದ ಹತ್ತಿರ ಹೋದರೆ ಹೋಗಲೇಬೇಡಿ. ನದಿ ದಡಕ್ಕೆ ಜನರನ್ನು ಬಿಡುವುದೂ ಇಲ್ಲ.

ಕುವೆಂಪುನಗರ ಕಾಫಿ

ನೀರಗಂಟಿ ಸಾರ್, ಇಷ್ಟು ದಿನ ಪೇಪರಿನ ಆ ಕಾಲಂ ಹಾರಿಸಿ ಕ್ರಿಕೆಟ್ ಪುಟಕ್ಕೆ ಹೋಗುತ್ತಿದ್ದೆ. ಒಂದು ಪ್ರಶ್ನೆ. ಬೇಸಿಗೆಯಲ್ಲಿ ಕೂಡ ನದಿಯಲ್ಲಿ ಅಷ್ಟೋ ಇಷ್ಟೋ ನೀರು ಇರುತ್ತದಲ್ಲ. ಅದು ಬೀಳುವ ಹೊತ್ತಿಗೆ ಎಲ್ಲಿ ಹೋಗುತ್ತದೆ?

ನೀರಗಂಟಿ

ಕರೆಂಟಿಗೆ. ಜಲಪಾತಕ್ಕಿಂತ ಮೇಲೆಯೇ ಅಡ್ಡಗಟ್ಟೆ ಕಟ್ಟಿ ನೀರನ್ನು ಕಾಲುವೆಗೆ ತಿರುಗಿಸಿದ್ದಾರೆ. ಅದು ಅಲ್ಲೇ ಬ್ಲಫ್ ಅನ್ನುವ ಜಾಗದಲ್ಲಿರುವ ವಿದ್ಯುತ್ ಕೇಂದ್ರಕ್ಕೆ ಹೋಗುತ್ತದೆ. ನೀರು ಕಮ್ಮಿ ಇದ್ದಾಗ ಪೈಪಿನಲ್ಲೇ ಇಳಿದು ಹೋಗುತ್ತದೆ. ಮಿಕ್ಕಿದ್ದು ಬಂಡೆಗೆ.

ಸಂಡೇ ಸವಾರಿ

ಅದು ಏಷ್ಯಾದಲ್ಲೇ ಮೊದಲನೇ ಜಲವಿದ್ಯುತ್ ಕೇಂದ್ರ, ಗೊತ್ತಾ? ಹೆಮ್ಮೆ ಪಡಬೇಕು.

ಭೂಗೋಳ ಮೇಷ್ಟ್ರು

ಹೆಮ್ಮೆ ಪಡೋಣ, ಆದರೆ ಸರಿಯಾದ ಕಾರಣಕ್ಕೆ. ಮೊದಲನೆಯದಲ್ಲ. ಡಾರ್ಜಿಲಿಂಗ್ ಹತ್ತಿರ ಸಿದ್ರಾಪಾಂಗ್‌ನಲ್ಲಿ 1897ರಲ್ಲೇ ಶುರುವಾಗಿತ್ತು. ಶಿವನಸಮುದ್ರದ್ದು 1902.

ಇಲ್ಲಿನ ಸಾಹಸ ಬೇರೆ. ಅದು ದೂರದ್ದು. ಇಲ್ಲಿ ಹುಟ್ಟಿದ ಕರೆಂಟನ್ನು ಕೋಲಾರದ ಚಿನ್ನದ ಗಣಿಗೆ ಮುಟ್ಟಿಸಿದರು. ಸುಮಾರು 147 ಕಿ.ಮೀ. ತಂತಿ. ಆಗಿನ ಕಾಲಕ್ಕೆ ಲೋಕದಲ್ಲೇ ಬಹಳ ಉದ್ದದ ಲೈನುಗಳಲ್ಲಿ ಅದೂ ಒಂದು. ಕಾಡು, ಹಳ್ಳ, ಎತ್ತಿನ ಗಾಡಿ ದಾರಿಯ ಕಾಲ ಅದು, ನೆನಪಿರಲಿ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. ಅಂದರೆ ಬೆಂಗಳೂರಿಗಿಂತ ಮೊದಲು ಗಣಿಗೆ ಬೆಳಕು. ಚಿನ್ನ ಮುಖ್ಯ ಅಲ್ವಾ!

ಇದನ್ನು ಮಾಡಿಸಿದ ದಿವಾನ್ ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡರು. ಕರೆಂಟು ಹರಿದದ್ದನ್ನು ನೋಡಲಿಲ್ಲ. ಇನ್ನೊಂದು ವಿಷಯ. ಕೆಆರ್‌ಎಸ್ ಕಟ್ಟಿದ್ದು ಬರೀ ಗದ್ದೆಗೆ ಅಂತ ತುಂಬ ಜನ ತಿಳಿದಿದ್ದಾರೆ. ಶಿವನಸಮುದ್ರದ ಯಂತ್ರಗಳಿಗೆ ಬೇಸಿಗೆಯಲ್ಲೂ ನೀರು ಸಿಗಲಿ ಅನ್ನುವುದೂ ಅದರ ದೊಡ್ಡ ಉದ್ದೇಶ. 1911ರಲ್ಲಿ ಕೆಲಸ ಶುರು.

ನಿಮ್ಮ ಭಾವನಿಗೆ ಬಂಡೆ ಬೇಕು ಅಂದಿರಿ. ಮೈಸೂರಿನ ಎತ್ತರದ ನೆಲ ಮುರಿದು ಕೆಳಗಿಳಿಯುವ ಅಂಚು ಅದು. ನದಿ ಅಲ್ಲಿಯವರೆಗೆ ಆರಾಮವಾಗಿ ಗದ್ದೆ ಬಯಲಿನಲ್ಲಿ ಬಂದು, ಗಟ್ಟಿ ಕಲ್ಲಿನ ಬಿರುಕುಗಳಲ್ಲಿ ಹಂಚಿಹೋಗಿ ಒಮ್ಮೆಲೇ ಕಣಿವೆಗೆ ಬೀಳುತ್ತದೆ. ಅದಕ್ಕೇ ಒಂದೇ ಧಾರೆ ಅಂತ ಇಲ್ಲ. ಗಗನಚುಕ್ಕಿ ಸುಮಾರು 98 ಮೀಟರ್, ಭರಚುಕ್ಕಿ 69 ಮೀಟರ್.

ಮಲೆನಾಡ ಕೊಡೆ

98 ಮೀಟರಿಗೆ ಇಷ್ಟು ಸಡಗರವಾ? ನಮ್ಮ ಜೋಗ 253 ಮೀಟರ್ ಮಾರಾಯ್ರೆ. ಸುಮ್ನೆ ಸಾಗರಕ್ಕೆ ಬನ್ನಿ.

ಮಳವಳ್ಳಿ ಹೈದ

ಜೋಗಕ್ಕೆ ಒಂದೇ ದಿನದಲ್ಲಿ ಹೋಗಿ ಬರಲು ಇವರ ಹತ್ತಿರ ಹೆಲಿಕಾಪ್ಟರ್ ಇಲ್ಲ. ಎತ್ತರದಲ್ಲಿ ನೀವೇ ದೊಡ್ಡವರು, ಒಪ್ಪಿದೆ. ಅಗಲದಲ್ಲಿ ನಮ್ಮ ಭರಚುಕ್ಕಿ ಬಂದು ನೋಡಿ.

ಘಾಟಿ ಡ್ರೈವರ್

ಊಟಿ ಬಗ್ಗೆ ಕೇಳಿದ್ದಾರೆ, ಯಾರೂ ಹೇಳಲಿಲ್ಲ. ಬಾಡಿಗೆ ಗಾಡಿ ಓಡಿಸುವವನು ನಾನು. ಆ ದಾರಿ ನನಗೆ ನಿದ್ದೆಯಲ್ಲೂ ಬರುತ್ತದೆ.

ಬಂಡೆ, ಕಣಿವೆ ಅಂದರೆ ನೀಲಗಿರಿಯೇ. ಅದರಲ್ಲಿ ಎರಡು ಮಾತಿಲ್ಲ. ಗೂಡಲೂರಿನಿಂದ ಮೇಲೆ ಹತ್ತುವಾಗ ಸೂಜಿಮಲೆ ಸಿಗುತ್ತದೆ. ಮೂರು ಕಡೆ ಕಣಿವೆ, ಕೆಳಗೆ ಮುದುಮಲೆ ಕಾಡು. ಆಮೇಲೆ ಪೈಕಾರ. ಕೂನೂರಿನ ಆಚೆ ಡಾಲ್ಫಿನ್ ನೋಸ್ ಅನ್ನುವ ಚಾಚು ಬಂಡೆ ಇದೆ. ಅಲ್ಲಿ ನಿಂತರೆ ಎದುರು ಬೆಟ್ಟದಲ್ಲಿ ಕ್ಯಾಥರೀನ್ ಜಲಪಾತ ಕಾಣುತ್ತದೆ. ನಿಮ್ಮ ಭಾವ ಕೇಳಿದ್ದು ಅಕ್ಷರಶಃ ಅದೇ.

ಆದರೆ ಒಂದು ದಿನಕ್ಕೆ ಅಲ್ಲ. ಯಾಕೆ ಅಂತ ಕೇಳಿ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗಾಡಿ ಬಿಡುವುದಿಲ್ಲ. ಅಂದರೆ ನೀವು ಎಷ್ಟೇ ಬೇಗ ಎದ್ದರೂ ಕಾಡು ಹೊಗುವುದು 6ರ ಮೇಲೆ. ವಾಪಸ್ ಬರುವಾಗ 9ರೊಳಗೆ ಕಾಡು ದಾಟಿರಬೇಕು. ಗೂಡಲೂರಿನಲ್ಲಿ ಸಿಕ್ಕಿಹಾಕಿಕೊಂಡರೆ ಮುಗಿಯಿತು, ಸೋಮವಾರದ ರೈಲು ಹೋಯಿತು. ಊಟಿ ಸೀಸನ್ ಭಾನುವಾರ ಪೈಕಾರದಿಂದ ಊಟಿಗೆ ಗಾಡಿ ಸಾಲು ಕರಗುವುದೇ ಇಲ್ಲ.

ಮಸಿನಗುಡಿ ಕಡೆಯಿಂದ ಹೋದರೆ ದೂರ ಕಡಿಮೆ ಅಂತ ಮೊಬೈಲ್ ತೋರಿಸುತ್ತದೆ. ಅದು ಕಲ್ಲಟ್ಟಿ ಘಾಟಿ. 36 ಹೇರ್‌ಪಿನ್ ತಿರುವು. ಒಂದನೇ, ಎರಡನೇ ಗೇರಿನಲ್ಲೇ ಹತ್ತಬೇಕು. ಇಳಿಯುವಾಗ ಹೊರಗಿನ ಗಾಡಿಗಳನ್ನು ಆ ದಾರಿಯಲ್ಲಿ ಬಿಡುವುದಿಲ್ಲ, ಬ್ರೇಕು ಕಾದು ಹಿಡಿಯದೆ ಬಿದ್ದ ಗಾಡಿಗಳು ಜಾಸ್ತಿ. 2024ರ ಮೇ ತಿಂಗಳಿನಿಂದ ನೀಲಗಿರಿಗೆ ಇ-ಪಾಸ್ ಬೇರೆ ಮಾಡಿಸಬೇಕು. ಪ್ಲಾಸ್ಟಿಕ್ ನೀರಿನ ಬಾಟಲಿ ಇದ್ದರೆ ಚೆಕ್‌ಪೋಸ್ಟಿನಲ್ಲಿ ಹಿಡಿಯುತ್ತಾರೆ. ಮಕ್ಕಳಿಗೆ ತಿರುವಿನಲ್ಲಿ ವಾಂತಿ ಆಗುತ್ತದೆ, ಹೇಳಿದ್ದೇನೆ.

ಎರಡು ದಿನ ಇದ್ದಾಗ ಕರೆಯಿರಿ. ಈಗ ಶಿವನಸಮುದ್ರ ಮಾಡಿ.

ಹೂಟಗಳ್ಳಿ ಹೆದ್ದಾರಿ

ಬೆಟ್ಟವೇ ಬೇಕು ಅಂದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಇದೆಯಲ್ಲ. 1454 ಮೀಟರ್ ಎತ್ತರ. ಸ್ವಂತ ಗಾಡಿ ಬುಡದಲ್ಲೇ ಬಿಟ್ಟು ಸರ್ಕಾರಿ ಬಸ್ಸಿನಲ್ಲಿ ಮೇಲೆ ಹೋಗಬೇಕು, ಹಾಗಾಗಿ ಅಪ್ಪಾಜಿಗೂ ಕಷ್ಟ ಇಲ್ಲ. ಮಂಜು ಸಿಕ್ಕರೆ ಸ್ವರ್ಗ. ಜಲಪಾತ ಮಾತ್ರ ಇಲ್ಲ. ಭಾನುವಾರ ಬಸ್ಸಿನ ಕ್ಯೂ ನೋಡಿ ಅಳು ಬರುತ್ತದೆ.

ಕೆ.ಆರ್. ನಗರದ ಸೊಸೆ

ಎಲ್ಲರೂ ಪೂರ್ವಕ್ಕೇ ಓಡುತ್ತೀರಿ. ನಮ್ಮ ಕಡೆ ಚುಂಚನಕಟ್ಟೆ ಇರುವುದು ಯಾರಿಗೂ ನೆನಪಿಲ್ಲ! ಮೈಸೂರಿನಿಂದ ಒಂದೂವರೆ ಗಂಟೆ ದಾರಿ. ಕಾವೇರಿ ಸುಮಾರು 60 ಅಡಿ ಬೀಳುತ್ತಾಳೆ. ಎತ್ತರ ಅಷ್ಟೇನಿಲ್ಲ ಒಪ್ಪುತ್ತೇನೆ. ಆದರೆ ಬಂಡೆಗಳ ನಡುವೆ ನುಗ್ಗಿ ಬರುವ ಪರಿ ಇದೆಯಲ್ಲ, ಅದನ್ನು ಹತ್ತಿರದಿಂದ ನೋಡಬೇಕು.

ಪಕ್ಕದಲ್ಲೇ ಕೋದಂಡರಾಮನ ಗುಡಿ. ಅಲ್ಲಿ ಸೀತೆ ರಾಮನ ಬಲಗಡೆ ನಿಂತಿದ್ದಾಳೆ, ಬೇರೆ ಕಡೆ ಹಾಗಿರುವುದು ಅಪರೂಪ. ಹೊರಗೆ ಜಲಪಾತದ ಸದ್ದಿಗೆ ಮಾತೇ ಕೇಳುವುದಿಲ್ಲ, ಗರ್ಭಗುಡಿ ಹತ್ತಿರ ಹೋದರೆ ಆ ಸದ್ದು ಇಲ್ಲ ಅನ್ನುತ್ತಾರೆ. ನಮ್ಮ ಅತ್ತೆ ಪ್ರತಿ ಸಲ ಹೋದಾಗಲೂ ಕಿವಿಗೊಟ್ಟು ಪರೀಕ್ಷೆ ಮಾಡುತ್ತಾರೆ. ಜನವರಿಯಲ್ಲಿ ಸಂಕ್ರಾಂತಿ ಹೊತ್ತಿಗೆ ದನಗಳ ಜಾತ್ರೆ. ಆಗ ನೀರು ಕಮ್ಮಿ, ಜನ ಜಾಸ್ತಿ.

ನೀರಗಂಟಿಯವರೇ, ನಮ್ಮ ಕಡೆಗೆ ನಿಮ್ಮ ಡ್ಯಾಮಿನ ಲೆಕ್ಕ ನಡೆಯುತ್ತದಾ?

ನೀರಗಂಟಿ

ನಡೆಯುವುದಿಲ್ಲ ತಾಯಿ. ಚುಂಚನಕಟ್ಟೆ ಇರುವುದು ಕೆಆರ್‌ಎಸ್‌ಗಿಂತ ಮೇಲೆ. ಅಲ್ಲಿಗೆ ಕೊಡಗಿನ ಮಳೆ ಮತ್ತು ಹಾರಂಗಿಯಿಂದ ಬಿಟ್ಟ ನೀರು. ಭಾಗಮಂಡಲ, ಮಡಿಕೇರಿ ಕಡೆ ನಾಲ್ಕು ದಿನ ಜಡಿ ಹಿಡಿಯಿತು ಅಂದರೆ ಚುಂಚನಕಟ್ಟೆ ಮೊದಲು ಎದ್ದು ನಿಲ್ಲುತ್ತದೆ. ಕೆಆರ್‌ಎಸ್ ತುಂಬದೆ ಬಾಗಿಲು ಹಾಕಿಕೊಂಡಿರುವ ಜುಲೈನಲ್ಲಿ ಚುಂಚನಕಟ್ಟೆಯೇ ಸರಿಯಾದ ಆಯ್ಕೆ. ಡ್ಯಾಮು ತುಂಬಿ ನೀರು ಬಿಟ್ಟ ಮೇಲೆ ಶಿವನಸಮುದ್ರ. ಇದನ್ನು ಮೊದಲೇ ಹೇಳಬೇಕಿತ್ತು ನೋಡಿ, ಒಳ್ಳೆ ಪ್ರಶ್ನೆ ಕೇಳಿದಿರಿ.

ಸಂಡೇ ಸವಾರಿ

ಇಷ್ಟೆಲ್ಲ ತಲೆ ಯಾಕೆ? ಬಲಮುರಿಗೆ ಹೋಗಿ ನೀರಿಗೆ ಬೀಳಿ. ಮೀನು ಫ್ರೈ ತಿನ್ನಿ. ಮಕ್ಕಳಿಗೆ ಅದಕ್ಕಿಂತ ಮಜಾ ಇಲ್ಲ. ನೋಡೋಕೆ ಮಾತ್ರ ಅಂದರೆ ಟಿವಿಯಲ್ಲೂ ನೋಡಬಹುದು.

ಪಾಂಡವಪುರ ಪರಿಮಳ

ದಯವಿಟ್ಟು ಮಕ್ಕಳಿರುವವರಿಗೆ ಹೀಗೆ ಹೇಳಬೇಡಿ. ಬಲಮುರಿ ಜಲಪಾತವೇ ಅಲ್ಲ, ನದಿಗೆ ಕಟ್ಟಿದ ಅಡ್ಡಗಟ್ಟೆ. ನೀರು ಅದರ ಮೇಲೆ ತೆಳ್ಳಗೆ ಹರಿಯುತ್ತದೆ, ಅದಕ್ಕೇ ಏನೂ ಆಗಲ್ಲ ಅನ್ನಿಸುತ್ತದೆ. ಕಲ್ಲಿನ ಮೇಲೆ ಪಾಚಿ. ಕೆಳಗೆ ಗುಂಡಿ ಎಲ್ಲಿದೆ ಅಂತ ಮೇಲಿನಿಂದ ಗೊತ್ತಾಗುವುದಿಲ್ಲ. ಮೇಲೆ ಡ್ಯಾಮಿನಿಂದ ನೀರು ಬಿಟ್ಟರೆ ಇಲ್ಲಿ ಮಟ್ಟ ಏರುವುದು ನೋಡನೋಡುತ್ತಲೇ. ಈಜು ಬರುವ ಹುಡುಗರೇ ಹೋಗಿದ್ದಾರೆ. ನಮ್ಮ ಬೀದಿಯಲ್ಲೇ ಅಂಥ ಒಂದು ಮನೆ ಇದೆ. ಜಾಸ್ತಿ ಹೇಳಲು ಮನಸ್ಸಿಲ್ಲ.

ಮುತ್ತತ್ತಿಗೂ ಇದೇ ಮಾತು. ನೋಡಲು ಶಾಂತ. ಇಳಿಯಬೇಡಿ.

ಸಂಡೇ ಸವಾರಿ

ಸರಿ ಮೇಡಂ. ಮೀನು ಫ್ರೈ ಮಾತ್ರ ಉಳಿಸಿಕೊಳ್ಳುತ್ತೇನೆ.

ಸರಸ್ವತಿಪುರಂ ಅಜ್ಜಿ

ಮಗಾ ಕಾಫಿ, ನಿನ್ನ ಅಪ್ಪನ ಕಡೆಯವಳಾಗಿ ಮಾತಾಡುತ್ತೇನೆ. ನನಗೂ ಮಂಡಿ ಹೋಗಿದೆ.

ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ದೂರ ಕೇಳುತ್ತಾರೆ, ಎಷ್ಟು ಹೊತ್ತು ನಿಲ್ಲಬೇಕು ಅಂತ ಕೇಳುವುದಿಲ್ಲ. ನಮಗೆ ನಡೆಯುವುದಕ್ಕಿಂತ ನಿಲ್ಲುವುದು ಕಷ್ಟ. ಗಾಡಿಯಲ್ಲಿ ಎರಡು ಮಡಚುವ ಕುರ್ಚಿ ಹಾಕಿಕೋ. ಶೌಚಾಲಯ ಎಲ್ಲಿ ಒಳ್ಳೆಯದು ಸಿಗುತ್ತದೋ ಅಲ್ಲೇ ಮುಗಿಸಿಕೊಳ್ಳಲು ಹೇಳು, ಮುಂದೆ ಸಿಗುತ್ತದೆ ಅಂತ ಕಾಯಬೇಡ. ಮಧ್ಯಾಹ್ನಕ್ಕೆ ಮೊಸರನ್ನ ಮನೆಯಿಂದಲೇ ಒಯ್ಯಿ. ಆ ಕಡೆ ಊಟ ಹುಡುಕುತ್ತಾ ಮೂರು ಗಂಟೆ ಮಾಡಿದರೆ ಸಕ್ಕರೆ ಕಾಯಿಲೆಯವರ ಗತಿ ಏನು?

ನಾವು ಚಿಕ್ಕವರಿದ್ದಾಗ ದರ್ಗಾ ಇರುವ ಕಡೆಯಿಂದ ಗಗನಚುಕ್ಕಿ ನೋಡುತ್ತಿದ್ದೆವು. ದ್ವೀಪದ ಮೇಲೆಯೇ ಹೋಗಿ, ನೀರಿನ ನೆತ್ತಿಯ ಮೇಲೆ ನಿಂತ ಹಾಗೆ. ಮೈ ಜುಮ್ ಅನ್ನುತ್ತಿತ್ತು. ಆ ಕಡೆ ಬಂಡೆಗೆ ಇಳಿದು ಜಾರಿದವರೂ ಬಹಳ. ಈಗಿನವರು ಎದುರಿನ ಕಟ್ಟೆಯಿಂದ ನೋಡುವುದೇ ವಾಸಿ. ಆಗ ನಮ್ಮ ತಾತ ಹೇಳುತ್ತಿದ್ದರು, ಕೊಳ್ಳೇಗಾಲದ ಕಡೆ ಮದ್ರಾಸಿನವರದು ಅಂತ. ನಿಜವಾಗಿಯೂ 1956ರವರೆಗೆ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು.

ದ್ವೀಪದಲ್ಲಿ ರಂಗನಾಥನ ಗುಡಿ ಇದೆ, ಅಮ್ಮನನ್ನು ಕರೆದುಕೊಂಡು ಹೋಗು. ಶ್ರೀರಂಗಪಟ್ಟಣದವನು ಆದಿರಂಗ, ಇವನು ಮಧ್ಯರಂಗ, ಶ್ರೀರಂಗದವನು ಅಂತ್ಯರಂಗ. ಅಲ್ಲಿ ಜನ ಕಮ್ಮಿ. ತಣ್ಣಗಿರುತ್ತದೆ. ಆರಾಮ ಕೂತುಕೊಳ್ಳಬಹುದು.

ತಿಂಡಿಪೋತ

ಅಜ್ಜಿ ಹೇಳಿದ ಮೇಲೆ ನಾನು ಹೇಳುವುದೇನು! ಆದರೂ. ಬೆಳಗಿನ ತಿಂಡಿ ಬನ್ನೂರಿನಲ್ಲಿ ಮುಗಿಸಿ. ನಾನ್‌ವೆಜ್ ತಿನ್ನುವವರಾದರೆ ವಾಪಸ್ ಬರುವಾಗ ಮಳವಳ್ಳಿ ಬನ್ನೂರು ನಡುವೆ ಮುದ್ದೆ, ಮಟನ್ ಸಾರು ಹಾಕುವ ಮೆಸ್ಸುಗಳಿವೆ. ಬನ್ನೂರು ಕುರಿ ಹೆಸರು ಸುಮ್ನೆ ಬಂದಿಲ್ಲ. ಮುದ್ದೆ ತಟ್ಟೆಗೆ ಬಂದಾಗ ಹೊಗೆ ಆಡುತ್ತಿದೆಯಾ ನೋಡಿ, ಇಲ್ಲದಿದ್ದರೆ ಎದ್ದು ಪಕ್ಕದ ಮೆಸ್ಸಿಗೆ ಹೋಗಿ. ಭರಚುಕ್ಕಿ ಹತ್ತಿರ ಮಾವಿನಕಾಯಿ, ಸೌತೆಕಾಯಿ ಉಪ್ಪು ಖಾರ ಹಾಕಿ ಕೊಡುತ್ತಾರೆ. ಕೈಯಲ್ಲಿ ಹಿಡಿದು ಓಡಾಡಬೇಡಿ. ಕೋತಿಗಳು ನಿಮಗಿಂತ ಚುರುಕು.

ಕುವೆಂಪುನಗರ ಕಾಫಿ

ತುಂಬಾ ಥ್ಯಾಂಕ್ಸ್. ಬಲಮುರಿ, ತಲಕಾಡು, ಮುಡುಕುತೊರೆ ಬಿಟ್ಟೆ. ಊಟಿ ಬಿಟ್ಟೆ. ಸೋಮನಾಥಪುರ ಬಿಡಲು ಮನಸ್ಸು ಬರುತ್ತಿಲ್ಲ. ದಾರಿಯಲ್ಲೇ ಇದೆಯಲ್ಲ?

ಭೂಗೋಳ ಮೇಷ್ಟ್ರು

ಬನ್ನೂರಿನಿಂದ ಸ್ವಲ್ಪ ಬಲಕ್ಕೆ ತಿರುಗಬೇಕು, ಅಷ್ಟೇ. ಇಟ್ಟುಕೊಳ್ಳಿ. 13ನೇ ಶತಮಾನದ ಕೇಶವ ದೇವಾಲಯ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೋ ಪಟ್ಟಿಗೂ ಸೇರಿದೆ. ಬೆಳಗಿನ ಹೊತ್ತು ಗೋಡೆಯ ಮೇಲೆ ಓರೆ ಬಿಸಿಲು ಬಿದ್ದಾಗ ಕೆತ್ತನೆ ಎದ್ದು ಕಾಣುತ್ತದೆ. ಮಧ್ಯಾಹ್ನ ಹೋದರೆ ಕಲ್ಲು ಕಾದು ಬರಿಗಾಲಿಗೆ ಶಿಕ್ಷೆ. ತಲಕಾಡು ಬಿಟ್ಟದ್ದು ಒಳ್ಳೆಯದಾಯಿತು. ಆ ಮರಳಿನಲ್ಲಿ ಮಂಡಿ ನೋವಿನವರು ಒಂದು ಗುಡಿಯಿಂದ ಇನ್ನೊಂದಕ್ಕೆ ನಡೆಯುವುದು ಬೇಡ.

ಮಳವಳ್ಳಿ ಹೈದ

ಇನ್ನೊಂದು ಮಾತು ಅಣ್ಣ. ಭರಚುಕ್ಕಿಯಲ್ಲಿ ಕೆಳಗಿಳಿಯಲು ಮೆಟ್ಟಿಲಿದೆ. ನೀರು ಕಮ್ಮಿ ಇದ್ದಾಗ ಕೆಳಗೆ ಹರಿಗೋಲಿನಲ್ಲೂ ಸುತ್ತಿಸುತ್ತಾರೆ. ನೀರು ಜಾಸ್ತಿ ಇದ್ದಾಗ ಮೆಟ್ಟಿಲನ್ನೇ ಮುಚ್ಚುತ್ತಾರೆ. ಮುಚ್ಚಿದ್ದರೆ ಜಗಳ ಆಡಬೇಡಿ. ಮೇಲಿನಿಂದಲೂ ಚೆನ್ನಾಗಿಯೇ ಕಾಣುತ್ತದೆ. ಹೋಗುವಾಗ ಹಳೆಯ ಕಲ್ಲಿನ ಸೇತುವೆ ಕಡೆ ಕಣ್ಣು ಹಾಯಿಸಿ. ನೂರಾರು ಕಲ್ಲುಕಂಬಗಳ ಮೇಲೆ ನಿಂತಿತ್ತು. 2018ರ ಪ್ರವಾಹದಲ್ಲಿ ಒಂದು ಭಾಗ ಕೊಚ್ಚಿಕೊಂಡು ಹೋಯಿತು. ನಾವು ಹುಡುಗರಾಗಿದ್ದಾಗ ಅದರ ಮೇಲೆ ಸೈಕಲ್ ಹೊಡೆದವರು.

ಕುವೆಂಪುನಗರ ಕಾಫಿ

ಹೋಗಿ ಬಂದೆವು. ಕೇಳಿದವರಿಗೆಲ್ಲ ವರದಿ ಒಪ್ಪಿಸುತ್ತಿದ್ದೇನೆ.

ಶುಕ್ರವಾರ, ಶನಿವಾರ ಪೇಪರ್ ನೋಡಿದೆ. ಕಬಿನಿಯಿಂದ ಚೆನ್ನಾಗಿ ಬಿಟ್ಟಿದ್ದರು, ಕೆಆರ್‌ಎಸ್‌ನಿಂದ ನದಿಗೆ ಸಾಧಾರಣ. ಭಾವನಿಗೆ ಈ ಲೆಕ್ಕ ವಿವರಿಸಿದೆ. ಅವರು ತುಂಗಭದ್ರಾ ನಾಲೆಯ ಕೊನೆಯ ಭಾಗದವರು. ನೀರು ಬಿಟ್ಟರು ಅಂತ ಪೇಪರಿನಲ್ಲಿ ಬಂದರೂ ತಮ್ಮ ಹೊಲಕ್ಕೆ ಮುಟ್ಟುವುದಿಲ್ಲ ಅಂತ ಶುರು ಮಾಡಿ ಸೋಮನಾಥಪುರದವರೆಗೂ ನಿಲ್ಲಿಸಲಿಲ್ಲ.

ಗಗನಚುಕ್ಕಿಗೆ ಹನ್ನೊಂದರ ಹೊತ್ತಿಗೆ ಮುಟ್ಟಿದೆವು. ಗಾಡಿ ಇಳಿಯುವ ಮೊದಲೇ ಸದ್ದು. ಎದುರಿಗೆ ಕರಿ ಬಂಡೆಯ ಗೋಡೆ, ಅದರ ಮೇಲೆ ಎಷ್ಟು ಕಡೆ ಅಂತ ಎಣಿಸಲಾಗದಷ್ಟು ಧಾರೆ. ಕೆಲವು ಸೀದಾ ಬೀಳುತ್ತವೆ, ಕೆಲವು ಬಂಡೆಗೆ ಬಡಿದು ಪಕ್ಕಕ್ಕೆ ಹಾರುತ್ತವೆ. ಕೆಳಗಿನ ಕಣಿವೆಯಿಂದ ಎರಚಲು ಮೇಲೆದ್ದು ಬಂದು ಕನ್ನಡಕದ ಮೇಲೆ ಕೂರುತ್ತಿತ್ತು. ಬಾಯಿ ನಿಲ್ಲಿಸದ ಭಾವ ಅಲ್ಲಿ ಸುಮ್ಮನಾದರು. ಅಕ್ಕ ಅವರ ಫೋಟೋ ತೆಗೆದಳು, ಜಲಪಾತದ್ದಲ್ಲ.

ಅಪ್ಪನ ವಿಷಯ ನಾನು ಮೊದಲು ಬರೆದಿರಲಿಲ್ಲ. ಅವರು ಕರೆಂಟಿನ ಇಲಾಖೆಯಲ್ಲಿ ಲೈನ್‌ಮನ್ ಆಗಿ ನಿವೃತ್ತರಾದವರು. ಕೋಲಾರದ 147 ಕಿ.ಮೀ. ಲೈನಿನ ಕಥೆ ಇಲ್ಲಿ ಓದಿ ಹೇಳಿದ್ದೆ, ಅವರಿಗೆ ಅದೇ ತಲೆಯಲ್ಲಿ ಕೂತಿತ್ತು. ಮಡಚುವ ಕುರ್ಚಿ ಹಾಕಿ ಕೂರಿಸಿದೆವು. ಆ ಕಾಲದಲ್ಲಿ ಕಂಬ ನೆಟ್ಟವರು ಯಾರು, ಕಾಡಿನಲ್ಲಿ ಲೈನು ಕಡಿದು ಬಿದ್ದರೆ ರಾತ್ರಿ ಹೋಗಿ ಹುಡುಕುತ್ತಿದ್ದವರು ಯಾರು ಅಂತ ಕೇಳುತ್ತಲೇ ಇದ್ದರು. ವಿದ್ಯುತ್ ಕೇಂದ್ರದ ಒಳಗೆ ಹೋಗಲು ಮೊದಲೇ ಅನುಮತಿ ಬೇಕಂತೆ, ಆಗಲಿಲ್ಲ. ಅಮ್ಮನಿಗೆ ನೀರಿಗಿಂತ ಮಧ್ಯರಂಗನ ಗುಡಿಯೇ ಇಷ್ಟವಾಯಿತು.

ಭರಚುಕ್ಕಿಯಲ್ಲಿ ಮೆಟ್ಟಿಲು ಮುಚ್ಚಿತ್ತು. ಮಕ್ಕಳು ಹರಿಗೋಲಿಗೆ ಅತ್ತವು. ಚಿಕ್ಕವನು ಕಂಬಿ ಹತ್ತಲು ಹೊರಟಿದ್ದ, ಅಲ್ಲಿಂದ ವಾಪಸ್ ಬರುವವರೆಗೆ ಅವನ ಅಂಗಿಯ ಕಾಲರ್ ನನ್ನ ಕೈಯಲ್ಲೇ ಇತ್ತು. ಅಗಲದ ವಿಷಯದಲ್ಲಿ ಮಳವಳ್ಳಿಯವರು ಹೇಳಿದ್ದು ನಿಜ. ಭಾವನ ಪ್ರಕಾರ ಗಗನಚುಕ್ಕಿ ಮೇಲು, ಅಕ್ಕನ ಪ್ರಕಾರ ಭರಚುಕ್ಕಿ. ರೈಲು ಹತ್ತುವವರೆಗೂ ವಾದ ನಡೆಯಿತು.

ಒಂದು ಬೇಜಾರು. ಎರಡೂ ಕಡೆ ಬಂಡೆ ಸಂದಿಯಲ್ಲಿ ಬಿಯರ್ ಬಾಟಲಿ ಒಡೆದು ಎಸೆದಿದ್ದಾರೆ. ಮಕ್ಕಳು ಬರಿಗಾಲಲ್ಲಿ ಓಡಾಡುವ ಜಾಗ. ಬೇಲಿ ಹಾಕಿ, ಬೋರ್ಡ್ ಹಾಕಿ ಏನು ಪ್ರಯೋಜನ?

ಪಾಂಡವಪುರ ಪರಿಮಳ

ಕಾಲರ್ ಹಿಡಿದಿದ್ದು ಓದಿ ಸಮಾಧಾನ ಆಯಿತು. ಬಾಟಲಿ ಕಥೆ ಎಲ್ಲಾ ಕಡೆಯೂ ಇದೇ. ಕುಂತಿ ಬೆಟ್ಟದಲ್ಲೂ ಹೀಗೇ.

ಘಾಟಿ ಡ್ರೈವರ್

ಲೈನ್‌ಮನ್ ಅಪ್ಪಾಜಿಗೆ ನನ್ನ ನಮಸ್ಕಾರ ಹೇಳಿ. ಅವರನ್ನು ಒಂದು ಸಲ ಪೈಕಾರಕ್ಕೆ ಕರೆದುಕೊಂಡು ಬನ್ನಿ. ಅಲ್ಲೂ ಹಳೆಯ ಪವರ್ ಹೌಸ್ ಇದೆ.

ಮಂಡ್ಯ ಹಾಸ್ಟೆಲ್ ಹುಡುಗಿ

ತಡವಾಗಿ ಬಂದೆ, ಕ್ಷಮಿಸಿ. ನಾವು ನಾಲ್ಕು ಜನ ಹುಡುಗಿಯರು, ಗಾಡಿ ಇಲ್ಲ. ಮಂಡ್ಯದಿಂದ ಬಸ್ಸಿನಲ್ಲಿ ಹೋಗಿ ಸಂಜೆಯೊಳಗೆ ಹಾಸ್ಟೆಲ್‌ಗೆ ಬರಬಹುದಾ? ಶಕ್ತಿ ಯೋಜನೆ ಇದೆ, ಟಿಕೆಟ್ ಚಿಂತೆ ಇಲ್ಲ.

ಮಳವಳ್ಳಿ ಹೈದ

ಬರಬಹುದು ತಂಗಿ. ವಾರದ ದಿನ ಹೊರಡಿ, ಭಾನುವಾರ ಬೇಡ. ಮಂಡ್ಯದಿಂದ ಮಳವಳ್ಳಿಗೆ ಬಸ್ಸು ಬೇಕಾದಷ್ಟು. ಅಲ್ಲಿಂದ ಕೊಳ್ಳೇಗಾಲದ ಬಸ್ಸು ಹತ್ತಿದರೆ ಶಿವನಸಮುದ್ರದ ತಿರುವಿನಲ್ಲಿ ಇಳಿಸುತ್ತಾರೆ, ಆದರೆ ಅಲ್ಲಿಂದ ಒಳಕ್ಕೆ ನಡೆಯುವುದು ಬಿಸಿಲಿನಲ್ಲಿ ದೂರ. ನಾಲ್ಕು ಜನ ಇದ್ದೀರಲ್ಲ, ಮಳವಳ್ಳಿಯಿಂದಲೇ ಆಟೋ ಮಾತಾಡಿ. ಎರಡೂ ಜಲಪಾತ ತೋರಿಸಿ ವಾಪಸ್ ಬಸ್ ಸ್ಟ್ಯಾಂಡಿಗೆ ಬಿಡುವ ತನಕ ಅಂತ ಮೊದಲೇ ಸೇರಿಸಿ ರೇಟು ಕುದುರಿಸಿ. ಬರೀ ಹೋಗಲು ಅಂತ ಹೋದರೆ ಸಂಜೆ ಭರಚುಕ್ಕಿ ಹತ್ತಿರ ಆಟೋ ಸಿಗುವುದಿಲ್ಲ. ಆಧಾರ್ ಕಾರ್ಡೋ, ಸರ್ಕಾರ ಕೊಟ್ಟ ಬೇರೆ ಗುರುತಿನ ಚೀಟಿಯೋ ಮರೆಯಬೇಡಿ, ಯಾವುದೂ ಇಲ್ಲದೆ ಕಂಡಕ್ಟರ್ ಫ್ರೀ ಟಿಕೆಟ್ ಕೊಡುವುದಿಲ್ಲ.

ನೀರಗಂಟಿ

ಹೊರಡುವ ಹಿಂದಿನ ದಿನ ಕಬಿನಿ ಹೊರಹರಿವು ನೋಡಿಕೋ ಮಗಳೇ. ನೂರಿನ ಲೆಕ್ಕದಲ್ಲಿ ಇದ್ದರೆ ಇನ್ನೊಂದು ವಾರ ತಡೆದು ಹೋಗಿ.